ತಿಂಗಳಿಗೆ ಎಪ್ಪತ್ತು ಸೀರೆ

ಬ್ಯಾಂಕಿಗೆ ಏಳು ಮೆಟ್ಟಿಲು.
ಮೊದಲ ಸಲ ಎತ್ತಿದವನು ವಾಚ್‌ಮನ್ ಖಾಜಾಸಾಬ್,
ಎರಡನೇ ಸಲ ಅವನೂ ಚಹಾದ ಹುಡುಗನೂ.
ಮೂರನೇ ಸಲ ನಾನೇ ಕುಂತು ಕುಂತು ಏರಿದೆ,
ಫೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು
ಮರಿ ಸಾಗಿಸುವ ಬೆಕ್ಕಿನ ಹಾಗೆ.

ಫೈಲಿನೊಳಗೆ
ಎರಮರಸಿನಲ್ಲಿ ಇಪ್ಪತ್ತು ಮೂವತ್ತರ ಸೈಟಿನ ಪತ್ರ,
ಅವ್ವನ ಬೋರಮಾಳ ಕರಗಿ ಆದದ್ದು.
ಪಿಂಚಣಿಯ ಪಾಸ್‌ಬುಕ್ಕು: ಹದಿನಾಲ್ಕು ನೂರು, ಹದಿನಾಲ್ಕು ನೂರು,
ನಡುವೆ ಖಾಲಿ ತಿಂಗಳುಗಳು,
ಆಮೇಲೆ ಮೂರರದ್ದು ಒಮ್ಮೆಲೇ.
ಮತ್ತೆ ಡಾಕ್ಟರ ಸಹಿಯ ಕಾರ್ಡು:
ಎರಡೂ ಕಾಲು, ಪೋಲಿಯೊ, ನೂರಕ್ಕೆ ಎಪ್ಪತ್ತೈದು, ಖಾಯಂ.

"ಇದು ಆದಾಯ ಅಲ್ಲಮ್ಮಾ, ಸಹಾಯ," ಎಂದರು ಮ್ಯಾನೇಜರು.
ಕರ್ನೂಲು ಕಡೆಯವರು, ಕನ್ನಡ ಈಗಷ್ಟೇ ಕಲಿಯುತ್ತಿದ್ದರು,
ಆ ಎರಡು ಶಬ್ದ ಮಾತ್ರ ಸ್ಪಷ್ಟ.
"ಖಾಯಂ ಆದಾಯ ಏನಿದೆ?"
ನನ್ನ ಹತ್ತಿರ ಖಾಯಂ ಇರುವುದು
ಕಾರ್ಡಿನ ಕೊನೆಯ ಸಾಲಿನಲ್ಲಿದೆ ಸಾರ್.
ಅವರು ನಗಲಿಲ್ಲ. ನಗಲಿ ಎಂದು ಹೇಳಿದ್ದೂ ಅಲ್ಲ.

ಹೊಲಿಗೆ ಇದೆ. ತೀನ್ ಕಂದೀಲಿನ ಹಿಂದಿನ ಗಲ್ಲಿಯಲ್ಲಿ
ಸೀರೆಗೆ ಫಾಲು, ಪಿಕೊ, ಒಂದಕ್ಕೆ ಅರವತ್ತು.
ಪೆಡಲನ್ನು ಮೊಣಕೈಯಿಂದ ಒತ್ತುತ್ತೇನೆ,
ಅದನ್ನು ಮೇಜಿನ ಮೇಲೆ ಕೂಡಿಸಿಕೊಟ್ಟವನು ಮೆಕ್ಯಾನಿಕ್ ಈರೇಶ.
ಮದುವೆಯ ದಿನಗಳಲ್ಲಿ ದಿನಕ್ಕೆ ಹತ್ತು, ಆಷಾಢದಲ್ಲಿ ಎರಡು.
"ಬರೆದು ತನ್ನಿ. ಸ್ವಲ್ಪ ಜಾಸ್ತಿಯೇ ತೋರಿಸಿ."

ಜಾಸ್ತಿ ತೋರಿಸಿದರೆ
ತಹಶೀಲ್ದಾರ ಕಚೇರಿಯ ಕಡತದಲ್ಲಿರುವ ನಾನು ಸುಳ್ಳುಬುರುಕಿ.
ಅಲ್ಲಿ ಬಡವಿ ಎಂದು ಬರೆಸಿದ್ದೇನೆ,
ಹಸಿರು ಶಾಯಿಯ ಸಹಿ ಬಿದ್ದಿದೆ.
ರಸ್ತೆಯ ಆಚೆ ಇಲ್ಲದವಳು, ಈಚೆ ಉಳ್ಳವಳು;
ನಡುವೆ ಡಿವೈಡರು,
ನನ್ನ ಮೂರು ಗಾಲಿ ದಾಟದ ಎತ್ತರ.

ಮನೆ ಯಾಕೆ ಬೇಕು ಎನ್ನುವ ಕಾಲಂ ಫಾರ್ಮಿನಲ್ಲಿಲ್ಲ.
ಇದ್ದಿದ್ದರೆ ಬರೆಯುತ್ತಿದ್ದೆ:
ಹನ್ನೊಂದು ಬಾಡಿಗೆ ಮನೆ, ಹನ್ನೊಂದು ಹೊಸ್ತಿಲು,
ಒಂದೊಂದರ ಎತ್ತರವೂ ನನ್ನ ಮೊಣಕಾಲ ಮೇಲೆ ಗೀಚಿದೆ.
ಒಬ್ಬ ಮಾಲೀಕ ಕ್ಯಾಲಿಪರಿನ ಸದ್ದಿಗೆ ನಿದ್ದೆ ಬಾರದೆ ಬಿಡಿಸಿದ.
ಒಬ್ಬಾಕೆ, ಬಚ್ಚಲಿಗೆ ಹಿಡಿಕೆ ಹೊಡೆಸಿದ್ದಕ್ಕೆ,
ಗೋಡೆಯ ನಾಲ್ಕು ತೂತುಗಳನ್ನು
ಅಡ್ವಾನ್ಸಿನಲ್ಲಿ ಹಿಡಿದುಕೊಂಡಳು.
ನನಗೆ ಬೇಕಾದದ್ದು ಹೊಸ್ತಿಲೇ ಇಲ್ಲದ ಬಾಗಿಲು.

"ಹೊಸ್ತಿಲಿಲ್ಲದ ಮನಿಗೆ ಲಕ್ಷ್ಮಿ ಎಲ್ಲಿ ಕಾಲಿಡಬೇಕವ್ವ?"
ಆಕೆಯೂ ನನ್ನಂಗ ತೆವಳಿಕೊಂಡು ಬಂದರ? ಎಂದೆ.
ಅವ್ವ ಎಲೆಯಡಿಕೆ ಉಗುಳುವ ನೆವದಲ್ಲಿ ಎದ್ದು ಹೋದಳು,
ಬಹಳ ಹೊತ್ತು ಬರಲಿಲ್ಲ.

ಕೊನೆಗೆ ಇದ್ದದ್ದನ್ನೇ ಬರೆದೆ.
ಹನ್ನೆರಡು ತಿಂಗಳ ಸೀರೆ, ಬಣ್ಣ ಸಮೇತ,
ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ.
ಮ್ಯಾನೇಜರು ಅದನ್ನು ಉಣ್ಣುತ್ತ ಓದಿರಬೇಕು,
ಶ್ರಾವಣದ ಪುಟಕ್ಕೆ ಉಪ್ಪಿನಕಾಯಿ ಎಣ್ಣೆ ಹತ್ತಿತ್ತು.
ಜಾಮೀನಿಗೆ ಈರೇಶ ಬಂದ,
ಗ್ರೀಸು ಹೋಗದ ಹೆಬ್ಬೆರಳನ್ನು ನನ್ನ ಹೆಸರಿನ ಪಕ್ಕ ಒತ್ತಿದ.
ಕೇಳಿದ್ದು ಏಳು ಲಕ್ಷ. ಕೊಟ್ಟದ್ದು ನಾಲ್ಕು. ಹದಿನೈದು ವರ್ಷ.
ಕಂತು ನಾಲ್ಕು ಸಾವಿರದ ಇನ್ನೂರು:
ಮೂರು ಪಿಂಚಣಿ, ಇಲ್ಲಾ ಎಪ್ಪತ್ತು ಸೀರೆ.
ನೋಟ್‌ಬುಕ್ಕು ಒಂದು ದಿನ ರಸ್ತೆ ದಾಟುತ್ತದೆ, ಗೊತ್ತಿದೆ.
ಅದಕ್ಕೇ ಸೀರೆಗಳನ್ನಷ್ಟೇ ಎಣಿಸುತ್ತೇನೆ.

ಈಗ ಗೋಡೆ ಲಿಂಟಲಿಗೆ ಬಂದು ನಿಂತಿದೆ.
ದುಡ್ಡೂ ಅಲ್ಲಿಗೇ.
ಸಂಜೆ, ಬಿಸಿಲು ಗ್ರಾನೈಟಿನ ರಾಶಿಗಳಿಂದ ಇಳಿದ ಮೇಲೆ,
ಗಾಡಿ ಹೊಡೆದುಕೊಂಡು ಹೋಗುತ್ತೇನೆ.
ಬಾಗಿಲಾಗಬೇಕಾದ ಜಾಗದಲ್ಲಿ ಬ್ರೇಕು ಹಿಡಿಯುವುದಿಲ್ಲ,
ಸೀದಾ ಒಳಗೆ.
ಮೇಸ್ತ್ರಿ ದುರುಗಪ್ಪ ಕೂಗಿದ,
"ಯಕ್ಕಾ, ಈಗ ಬೆಡ್ ಹಾಕೀನಿ, ಹಸಿ ಐತಿ!"
ಅಷ್ಟರಲ್ಲಿ ಅಡುಗೆಮನೆಯ ತನಕ
ಮೂರು ಗಾಲಿಯ ಗುರುತು.

ಅಳಿಸಲು ಕರಣಿ ತಂದ.
ಇರಲಿ ಬಿಡೋ, ಎಂದೆ.