ಮಲಗಿದ ಕಲ್ಲು, ನಿಂತ ಕಲ್ಲು

ನಮ್ಮ ಶಹಾಬಾದದಾಗ ಕಲ್ಲು ಮಲಗಿರತದ,
ಒಂದರ ಮ್ಯಾಲೊಂದು, ಘಡಿ ಹಾಕಿಟ್ಟ ಕೌದಿ ಹಂಗ.
ಅಪ್ಪ ಅದರ ಪದರಿಗೆ ಚಾಣ ಇಟ್ಟು
ಒಂದೇ ಏಟು ಹೊಡದರ
ಪುಟ ತಿರುವಿದಂಗ ಫರಸಿ ಏಳತಿತ್ತು.
ಗುಡ್ಡ ಅಂದರೇನಂತ ನಮಗ ಗೊತ್ತಿದ್ದಿಲ್ಲ.
ಖಣಿ ಗೊತ್ತಿತ್ತು.
ಏರೂದಕ್ಕಿಂತ ಮೊದಲು ಇಳಿಯೂದು ಕಲತ ಮಂದಿ ನಾವು.

ಅಕ್ಕ ದೇವಿಂದ್ರಮ್ಮ ಭಿಸಿ ಎತ್ತಿದ ವರ್ಷ
ಬಂಗಾರ ಮಾಡಸಲಿಲ್ಲ,
ಮೂರು ಪಾಸ್‌ಪೋರ್ಟ್ ಮಾಡಸಿದಳು.
"ಮಣಕಾಲು ಹೋಗೂದರಾಗ ಒಂದು ಗುಡ್ಡ ಏರಬೇಕು" ಅಂತ
ಐವತ್ತೇಳರ ಹೆಡ್ ಮೇಡಂ ಹಾಜರಿ ಕರದಳು:
ಪೀರಪ್ಪ! ಜಗದೇವಿ!
ಬಂದೀವಿ, ಅಂದ್ವಿ.
ಬ್ಯಾರೆ ಉತ್ತರ ಆಕಿ ಎಂದೂ ಕಲಸಿಲ್ಲ.

ವಿಯೆಟ್ನಾಮಿನ ಉತ್ತರದ ತುದಿಗೆ
ಬಸ್ಸಿಳದು ಕಣ್ಣೆತ್ತಿದರ
ಕಲ್ಲು ಎದ್ದು ನಿಂತಿತ್ತು.
ಮೈಗೆ ಗಿಡ ಹೊದ್ದು, ತಲಿಗೆ ಮಂಜು ಸುತಕೊಂಡು,
ಯಾರೋ ಕರದದ್ದಕ್ಕ ನಡುನಿದ್ದ್ಯಾಗ ಎದ್ದಂಗ.
ಪೀರಪ್ಪ ಬ್ಯಾಗ ಇಳಸೂಕಿಂತ ಮೊದಲು
ಬಂಡಿಗೆ ಕಿವಿ ಹಚ್ಚಿ ಬೆರಳ ಗೆಣ್ಣಿಲೆ ಬಡದ.
"ನಮ್ಮದೇ ಇದು. ಸುಣ್ಣದ ದನಿ."
ಗೈಡ್ ಹುಡುಗ ನಕ್ಕ. ಅವಗೇನು ಗೊತ್ತು,
ದನಿ ಕೇಳೇ ಫರಸಿಗೆ ಬೆಲೆ ಕಟ್ಟವ ನಮ್ಮಣ್ಣ.

ಆ ರಾತ್ರಿ ಕಂಬದ ಮ್ಯಾಲಿನ ಮನಿ.
ಹಲ್ಲಿಲ್ಲದ ಮುದುಕಿ ಅಕ್ಕನ ಹಸಿರು ಬಳಿ ಮುಟ್ಟಿ ಮುಟ್ಟಿ ನೋಡಿ
ಮೆಕ್ಕಿಜ್ವಾಳದ ಸೆರೆ ಬಗ್ಗಿಸಿದಳು.
ಅಕ್ಕ ಬ್ಯಾಡ ಅನ್ನಲಿಲ್ಲ.
ಈ ಮಾತು ಊರಾಗ ಹೇಳಬಾರದಂತ ಆಣಿ ಆಗ್ಯದ,
ಹೇಳಿದ್ನಿ.

ಮರುದಿನ ಅಡವಿ.
ತೊಗರಿ ಹೊಲದಾಗ ಮುಗಿಲಿನ ಅಂಚಿನ ತನಕ ನೋಡಿ ಬೆಳದ ಕಣ್ಣಿಗೆ
ಹತ್ತು ಹೆಜ್ಜಿ ಆಚಿ ಏನೂ ಕಾಣಲಿಲ್ಲ.
ಬಿದಿರೊಳಗ ಮಧ್ಯಾಹ್ನಕ್ಕೇ ದೀಪ ಹಚ್ಚೂ ಹೊತ್ತು.
ಹುಟ್ಟಿದಾಗಿಂದ ಮೊದಲ ಸಲ ಪ್ಯಾಂಟ್ ಹಾಕ್ಕೊಂಡ ಅಕ್ಕ
ಜಿಗಳಿ ಕಿತ್ತಿ ಕಿತ್ತಿ ಎಣಿಸಿದಳು: "ಹದಿನಾಲ್ಕು. ಎಲ್ಲಾ ಹಾಜರ್."
ಉಪ್ಪು ತೀರಿದಾಗ ಶೇಂಗಾ ಹಿಂಡಿ ಉದುರಿಸಿದ್ವಿ,
ಖಾರಕ್ಕ ಬಿಟ್ಟವು.
ಉಳದ ಹಿಂಡಿ ಕಡಕ ರೊಟ್ಟಿ ಜೋಡಿ ನಾವೇ ತಿಂದ್ವಿ.

ಆಮ್ಯಾಲ ಆ ಸಂದು.
ಎರಡು ಬಂಡಿ ನಡಕ, ಭಾಳ ಕೆಳಗ, ಕಪ್ಪು ಹಸಿರು ನೀರು.
ಮ್ಯಾಲ ಮೂರು ಬಿದಿರು ಅಡ್ಡ.
ಗೈಡ್ ದಾಟಿದ.
ಅಕ್ಕ ಕೂತು ಸರದು ಸರದು ದಾಟಿದಳು.
ತುಂಬಿದ ಲಾರಿ ನೆತ್ತಿ ಮ್ಯಾಲ ನಿಂತು ಬೀಡಿ ಸೇದವ
ಪೀರಪ್ಪ
ನಿಂತೇ ಬಿಟ್ಟ.
"ಜಗ್ಗಿ, ಅದೇ ನೀರು."

ಅದೇ ನೀರು.
ಬಿಟ್ಟ ಖಣ್ಯಾಗ ಮಳಿ ತುಂಬಿ ನಿಂತದ್ದು.
ನನಗ ಆರು, ಅವಗ ಹನ್ನೊಂದು.
ಕಾಲು ಜಾರಿತು ಅಂತ ಮನ್ಯಾಗ ಹೇಳಿದ್ವಿ.
ಮೂವತ್ತೆಂಟು ವರ್ಷ ಅದನ್ನೇ ಹೇಳಿದ್ವಿ.
"ನಾ ನೂಕಿದ್ನಿ. ಚಾಷ್ಟಿಗಿ. ನೀ ಮುಳಗೂದು ನೋಡಿ ಓಡಿದ್ನಿ.
ತೆಗದಾಕಿ ಅಕ್ಕ."
ಗೊತ್ತು, ಅಂದ್ನಿ.
ನಿನ್ನ ಅಂಗೈ ನನ್ನ ಬೆನ್ನಿಗೆ ಇನ್ನೂ ಗೊತ್ತು.

ಆಚಿ ದಂಡಿಯಿಂದ ಅಕ್ಕ ಚೀರಿದಳು:
"ಏನು ಮಾತು ಹಚ್ಚೀರಿ ಅಲ್ಲಿ, ಮಳಿ ಬರ್ಲಿಕ್ಕತ್ತದ!"

ನಾ ಮುಂದ ಹೆಜ್ಜಿ ಇಟ್ಟು ಕೈ ಹಿಂದಕ್ಕ ಚಾಚಿದ್ನಿ.
ಅಂವ ಹಿಡೀಲಿಲ್ಲ.
ನನ್ನ ಬೆನ್ನಿಗೆ ಅಂಗೈ ಇಟ್ಟ.
ಬಿದಿರು ನಡುಗಿದವು, ನನ್ನ ತೊಡಿ ನಡುಗಿದವು,
ಅಂಗೈನೂ ನಡುಗಿತು. ನೂಕಲಿಲ್ಲ.

ಈಗ ಊರಾಗ ಮೇ ತಿಂಗಳು, ಕರೆಂಟ್ ಇಲ್ಲ.
ಅಪ್ಪ ಹಾಸಿದ ಫರಸಿಗೆ ನೀರು ಚಿಮಕಿಸಿ
ಮೂವರೂ ಬರಿ ನೆಲಕ್ಕ ಮಲಗೀವಿ, ಕಲ್ಲಿನಂಗ.
ಅಕ್ಕನ ಮಣಕಾಲಿಂದ ಎಣ್ಣಿ ವಾಸನಿ.
ಕತ್ತಲದಾಗ ಪೀರಪ್ಪ ನೆಲ ಬಡೀತಾನ, ಗೆಣ್ಣಿಲೆ, ಒಂದೇ ಸಲ.
"ಎಲ್ಲರ ಒಡದದೇನು?" ಅಂತೀನಿ.
ಸುಮ್ಮ ಇರತಾನ.
ಅಕ್ಕ ಮಗ್ಗಲಾಗಿ ಕೇಳತಾಳ:
"ಮುಂದಿನ ಭಿಸಿ ಯಾರದು?"