ತನಕ

ಬಾಗಾನಿನ ಬಯಲಲ್ಲಿ ಎಳ್ಳಿನ ಹೊಲ ದಾಟಿದರೆ ಸಿಗುವ ಗುಡಿಗೆ
ಹೆಸರಿಲ್ಲ, ನಂಬರಿದೆ. ಬಾಗಿಲಿಗೆ ಬೀಗ.
ಕೀಲಿಕೈ ಇರುವುದು ದಾ ಓನ್ ಚೀಯ ಸೊಂಟದಲ್ಲಿ.

ಕಡಲೆಕಾಯಿ ಸುಲಿಯುತ್ತ ಕೂತಿದ್ದಳು.
ಕೆನ್ನೆಯ ಮೇಲೆ ತೇಯ್ದ ಮರದ ಗಂಧ, ದುಂಡಗೆ, ಹಳದಿ.
ಏನದು ಎಂದರೆ, "ತನಕಾ."
ನನ್ನ ಭಾಷೆಯಲ್ಲಿ ಅದು ಅರ್ಧ ಮಾತು,
ಎಲ್ಲಿಯ ತನಕ, ಯಾರು ಬರುವ ತನಕ
ಎಂದು ಹೇಳಹೊರಟು ಬಿಟ್ಟೆ.
ಪ್ರವಾಸಿಗರಿಂದ ಹೆಕ್ಕಿದ ಇಂಗ್ಲಿಷು ಅವಳದು,
ಅಷ್ಟು ದೂರ ಬರುವುದಿಲ್ಲ.
"ನಾನೊಬ್ಬಳೇ ಇರೋದು" ಅಂದಳು, ಕೇಳದಿದ್ದರೂ.
ತಂತಿಯ ಮೇಲೆ ಗಂಡಸಿನ ಲುಂಗಿ
ಇನ್ನೂ ತೊಟ್ಟಿಕ್ಕುತ್ತಿತ್ತು.

ಚಪ್ಪಲಿ ಬಿಟ್ಟು ಒಳಹೊಕ್ಕೆವು.
ಇಟ್ಟಿಗೆ ಇಟ್ಟಿಗೆಯ ನಡುವೆ ಸೂಜಿ ತೂರದ ಹಾಗೆ ಕಟ್ಟಿದ್ದಾರೆ;
ಭೂಕಂಪಕ್ಕೆ ಮಾತ್ರ ಕಮಾನಿನ ನೆತ್ತಿ
ಒಂದು ಬೆರಳು ಬಾಯಿ ಬಿಟ್ಟಿದೆ.
ಬಾವಲಿ ಹಿಕ್ಕೆಯ ಹುಳಿ ವಾಸನೆ.
ಕಲ್ಲಿನ ಜಾಲಂಧ್ರ ಹಿಂಡಿ ಕೊಟ್ಟಷ್ಟೇ ಬೆಳಕು.

ಟಾರ್ಚು ಗೋಡೆಯ ಮೇಲೆ ನಡೆಯಿತು:
ಕಾವಿಗೆಂಪು, ಕಾಡಿಗೆ, ಬೂಷ್ಟು ಹಿಡಿದ ಹಸಿರು.
ಕೇಳಿದ್ದನ್ನೆಲ್ಲ ಕೊಟ್ಟುಬಿಡುವ ರಾಜಕುಮಾರ ವೆಸ್ಸಂತರ.
ಆನೆ ಕೊಟ್ಟ, ಕುದುರೆ ಕೊಟ್ಟ, ರಥ ಕೊಟ್ಟ.
ಈಗ ಮಕ್ಕಳನ್ನು ಕೇಳಲು ಮುದುಕನೊಬ್ಬ ಬಂದಿದ್ದಾನೆ, ಕೋಲೂರಿ.
ಮಕ್ಕಳು ಕೊಳಕ್ಕಿಳಿದು
ತಾವರೆ ಎಲೆ ತಲೆಗೆಳೆದುಕೊಂಡಿವೆ;
ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ಇಳಿದವಂತೆ, ಜಾಡು ಸಿಗದಿರಲೆಂದು.
ನೀರಿನ ಗೆರೆಯ ಮೇಲೆ ನಾಲ್ಕು ಕಣ್ಣು.

ಮುಂದಿನ ಚಿತ್ರದಲ್ಲಿ ಅಪ್ಪ ದಡದಲ್ಲಿ ನಿಂತು ಕರೆಯಬೇಕು.
ಮುಂದಿನ ಚಿತ್ರ ಇಲ್ಲ.
ಗರಗಸ ಆಡಿಸಿ ಕಿತ್ತ ಚೌಕ, ಬರೀ ಇಟ್ಟಿಗೆ.
ಅಜ್ಜಿಯ ಕಾಲದಲ್ಲಿ ಟೋಪಿಯವನೊಬ್ಬ ಬಂದಿದ್ದನಂತೆ,
ಮೂರು ದಿನ ಇದ್ದು, ಅಜ್ಜಿಗೊಂದು ಕನ್ನಡಿ ಕೊಟ್ಟು ಹೋದನಂತೆ.

ಛೇ, ಎಂದೆ.
ಅವಳಿಗೆ ನಗು.
"ಒಳ್ಳೆಯದೇ ಆಯಿತು. ಈ ಗುಡಿಯಲ್ಲಿ
ಯಾರೂ ಅವನ್ನು ಕರೆದಿಲ್ಲ. ಇನ್ನೂ ನೀರಲ್ಲೇ ಇವೆ."
ಟಾರ್ಚು ಆರಿಸಿದಳು. "ಬ್ಯಾಟರಿ ತುಟ್ಟಿ."

ಹೊರಗೆ ಬಿಸಿಲು ಕಪಾಳಕ್ಕೆ ಹೊಡೆಯಿತು.
ದೂರದ ರಸ್ತೆಯಲ್ಲಿ ಹಸಿರು ಲಾರಿಯೊಂದು
ಧೂಳೆಬ್ಬಿಸುತ್ತ ಬಂದು ನಿಧಾನಿಸಿತು.
ಕೀಲಿ ಬೀಗದಲ್ಲೇ ಇತ್ತು, ಕೈ ಕೀಲಿಯ ಮೇಲೇ ಇತ್ತು,
ಲಾರಿ ತಿರುವು ದಾಟುವ ತನಕ.

ಆಮೇಲೆ ತಂತಿಯಿಂದ ಲುಂಗಿ ಎಳೆದುಕೊಂಡಳು, ಹಸಿಯದನ್ನೇ.
ಮುದ್ದೆ ಮಾಡಿ ಕಂಕುಳಲ್ಲಿ ಅಮುಕಿಕೊಂಡು
ಇನ್ನೊಂದು ಕೈಯಿಂದ ಒಂದು ಮುಷ್ಟಿ ಕಡಲೆಕಾಯಿ
ನನ್ನ ಬೊಗಸೆಗೆ ಸುರಿದಳು.

ಸಿಪ್ಪೆ ಒಡೆಯದೆ ಜೇಬಿಗಿಳಿಸಿದೆ.