ಇನ್ನೊಂದು ಹೋಳು

ಡೊಂಬಿವಲಿಯ ಮೂರನೇ ಮಾಳಿಗೆಯಲ್ಲಿ
ಹೋದ ತಿಂಗಳ ಕ್ಯಾಲೆಂಡರಿನ ಹಾಳೆ ಹರಿದು
ಅದರ ಬೆನ್ನಿನ ಮೇಲೆ ಜಲಜ
ನನ್ನ ವಾರವನ್ನು ಬರೆಯುತ್ತಾಳೆ.

ಸೋಮವಾರ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಗಸಿ,
ಉಪ್ಪಿನಕಾಯಿ ಇಲ್ಲ.
ಇಲ್ಲ ಎಂಬುದರ ಕೆಳಗೆ ಎರಡು ಗೆರೆ.
ಮಂಗಳವಾರ ರಾಗಿ ಬೆರೆಸಿದ ನೀರುದೋಸೆ,
ಚಟ್ನಿಗೆ ಕಾಯಿ ಅರ್ಧ, ಉಳಿದರ್ಧಕ್ಕೆ ಹೀರೆಸಿಪ್ಪೆ.
ಬುಧವಾರ ಬಂಗುಡೆ. ಅಬ್ಬ, ಬಂಗುಡೆಗೆ ಮಾಫಿ ಸಿಕ್ಕಿದೆ!
ಆದರೆ ಕಾವಲಿಗಲ್ಲ,
ಅರಿಶಿನದೆಲೆ ಹೊದೆಸಿ ಹಬೆಗೆ.
ಗುರುವಾರ ಏನೂ ತೋಚದೆ ಖಾಲಿ.

ಸ್ಟೆಂಟು ಅಂದರೆ ಪೆನ್ನಿನೊಳಗಿನ ಸ್ಪ್ರಿಂಗಿನಂತೆ ಎಂದು
ಠಾಣೆಯ ಡಾಕ್ಟರು ನಕ್ಕಿದ್ದರು.
'ತೇಲ್ ಕಮೀ, ಮೀಠ್ ಕಮೀ, ಕಾಕಾ,
ಬಾಕೀ ಸಗಳಂ ಮಜೇತ್.'
ಮಜಾ ಎಲ್ಲಿತ್ತೆಂದು ಅವರಿಗೇನು ಗೊತ್ತು?

ಫೋರ್ಟಿನ ಹೋಟೆಲಿನಲ್ಲಿ ಮೂವತ್ತೊಂದು ವರ್ಷ
ಕಾವಲಿಯ ಮುಂದೆ ನಿಂತವನು ನಾನು.
'ಒಂದು ಬೆಣ್ಣೆ, ಎರಡು ಸಾದಾ' ಎಂದು ಮಾಣಿ ಕೂಗಿದರೆ
ಸಾದಾದವರ ಮೇಲೆ ಮರುಕ ಹುಟ್ಟಿ
ಅವರ ದೋಸೆಗೂ ಒಂದು ಚೂರು ಬೆಣ್ಣೆ ಜಾರಿಸುತ್ತಿದ್ದೆ,
ಗಲ್ಲದಲ್ಲಿ ಕೂತ ಧಣಿಗೆ ಕಾಣದಂತೆ.
ದಾನ ಎಂದೇ ತಿಳಿದಿದ್ದೆ ಅದನ್ನು.
ಈಗ ರಾತ್ರಿ ಎಡಮಗ್ಗುಲಿಗೆ ಹೊರಳಿದರೆ
ಆ ವಕೀಲರು, ಆ ಬ್ಯಾಂಕಿನ ಗುಮಾಸ್ತರು,
ಕೈ ಒರೆಸುತ್ತ ಆರು ಹತ್ತರ ಲೋಕಲಿಗೆ ಓಡುತ್ತಿದ್ದವರು
ಎದೆ ಹಿಡಿದುಕೊಂಡು ಸಾಲಾಗಿ ನಿಂತು
ನನ್ನನ್ನೇ ಬಿಲ್ಲು ಕೇಳುತ್ತಾರೆ.

ಜಲಜಳ ಬದಲಿಗಳು ಜಾಣ ಬದಲಿಗಳು.
ಉಪ್ಪು ಹಿಂದೆ ಸರಿದಲ್ಲಿ ಪುನರ್ಪುಳಿ ಮುಂದೆ ಬರುತ್ತದೆ,
ಅಣ್ಣ ಊರಲ್ಲಿಲ್ಲದಾಗ ತಮ್ಮ ಮದುವೆಗೆ ಹೋಗಿ
ಮುಯ್ಯಿ ಕೊಟ್ಟು ಬರುವ ಹಾಗೆ.
ಡಾಲ್ಡಾದ ಹಳೇ ಡಬ್ಬಕ್ಕೆ ಮಣ್ಣು ತುಂಬಿ
ಕಿಟಕಿಯ ಗ್ರಿಲ್ಲಿಗೆ ಬಸಳೆ ಹಬ್ಬಿಸಿದ್ದಾಳೆ.
ಸಂಜೆಯ ವಡಾಪಾವಿನ ಜಾಗದಲ್ಲಿ ಒಂದು ಮುಷ್ಟಿ ಹುರಿಗಡಲೆ,
ಮೇಲೆ ಸ್ಟೇಷನ್ನಿನ ತನಕ ನಡಿಗೆ.
ವಡಾಪಾವಿನ ಗಾಡಿ ಇರುವುದು ಅದೇ ದಾರಿಯಲ್ಲಿ,
ಅದಕ್ಕೆ ಅವಳು ಜೊತೆಗೇ ಬರುತ್ತಾಳೆ.
ಆದರೂ ನನ್ನ ಅಂಗೈಗೆ ಉಪ್ಪಿನ ಹಳೇ ಅಳತೆ ಮರೆತಿಲ್ಲ,
ಅದು ಚಮಚೆಯನ್ನು ನಂಬುವುದಿಲ್ಲ.
'ಕೈ ತೆಗೀರಿ' ಎನ್ನುತ್ತಾಳೆ,
ಬೆನ್ನು ತಿರುಗಿಸಿಕೊಂಡೇ.

ಮೊನ್ನೆ ನಡುರಾತ್ರಿ ನೀರಿಗೆಂದು ಎದ್ದೆ.
ಅಡುಗೆಮನೆಯಲ್ಲಿ ದೀಪ ಹಾಕದೆ, ನಿಂತುಕೊಂಡೇ
ತಿನ್ನುತ್ತಿದ್ದಳು ಜಲಜ,
ನನ್ನ ತಟ್ಟೆಗೆ ಬಾರದ ಆ ಅರ್ಧ ಕಾಯಿ,
ಬೆಲ್ಲ ಕೂಡಿಸಿ.
ಪಕ್ಕದಲ್ಲಿ ಮಗಳು ಕಳಿಸಿದ ತುಪ್ಪದುಂಡೆಯ ಡಬ್ಬಿ,
ತಳ ಕಾಣುತ್ತಿತ್ತು.
'ಹಾಳಾಗ್ತದಲ್ಲ' ಎಂದಳು,
ಸೆರಗಿನಲ್ಲಿ ಬಾಯಿ ಒರೆಸಿ.

ಎರಡು ತಿಂಗಳಿಂದ ನನ್ನ ಎದೆಯಿಂದ ಕಳೆದದ್ದನ್ನೆಲ್ಲ
ಈ ಹೆಂಗಸು ತನ್ನ ಎದೆಗೆ ಕೂಡುತ್ತ ಬಂದಿದ್ದಳು.
ಅಲ್ಲಿಗೆ ಯಾವ ಡಾಕ್ಟರೂ ಯಂತ್ರ ಹಿಡಿದವರಲ್ಲ.
ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ದಿನ
ನನ್ನ ಚಪ್ಪಲಿ ಕಾದವಳು ಅವಳು.

ಭಾನುವಾರ ನಾನೇ ಕಾವಲಿ ಇಟ್ಟೆ.
ಅರ್ಧ ಈರುಳ್ಳಿ ಚೂರಿಗೆ ಸಿಕ್ಕಿಸಿ
ಎಣ್ಣೆಗೆ ತಾಗಿಸಿ, ಎಣ್ಣೆಯ ನೆನಪನ್ನಷ್ಟೇ ಸವರಿದೆ.
ಹೋಟೆಲಿಗೆ ಸೇರಿದ ವರ್ಷ ದೂಮಣ್ಣ ಕಲಿಸಿದ್ದು,
ಧಣಿ ಬೆಣ್ಣೆಗೆ ದುಡ್ಡು ಬಿಚ್ಚದ ಕಾಲದ ವಿದ್ಯೆ.
ಅವಳಿಗೊಂದು, ನನಗೊಂದು,
ಒಂದೇ ಹಿಟ್ಟು, ಒಂದೇ ಬಣ್ಣ.
ಕುಳಿತು ತಿಂದಳು.
ಸಪ್ಪೆ ಎಂದಳು.
ಇನ್ನೊಂದು ಹಾಕಿಸಿಕೊಂಡಳು.

ಆಮೇಲೆ ಪೆನ್ನು ಹುಡುಕಿ, ಖಾಲಿ ಗುರುವಾರದ ಎದುರು
ನಾನು ಬರೆದೆ: ಎರಡು ಸಾದಾ.
ಅದಕ್ಕೂ ಮೊದಲು, ಬೆಳಿಗ್ಗೆ ಎಂಟಕ್ಕೆ,
ಜಲಜ, ಖಾಲಿ ಹೊಟ್ಟೆ, ರಕ್ತಪರೀಕ್ಷೆ.
ಕಾಯಿಯ ಇನ್ನೊಂದು ಹೋಳು
ಕೆಳಗಿನ ಮನೆಯ ಘಾಟಗೆಯವರ ಹುಡುಗಿಗೆ.
ಅವಳಿಗಿನ್ನೂ ಏಳು ವರ್ಷ,
ಮೆಟ್ಟಿಲು ಹತ್ತುವುದೂ ಓಡಿಯೇ.